ಫೈನಲ್‌ಗೆಂದು ಎತ್ತಿಟ್ಟ ಕಟಾ

ನವೆಂಬರ್ ೧೪, ಶನಿವಾರ

ಮಗಳು ಕರಾಟೆ ಸೆಮಿಫೈನಲ್‌ನಲ್ಲೇ ತನ್ನ ಕಟಾದ ಹೆಸರು 'ಅನಾನ್' ಎಂದು ಕೂಗಿಬಿಟ್ಟಳಲ್ಲ, ಅದೇ ಇನ್ನೂ ತಲೆ ಕೊರೆಯುತ್ತಿದೆ. ಕಟಾ ಎಂದರೆ ಒಬ್ಬರೇ ನಿಂತು ಮಾಡಿ ತೋರಿಸುವ ವರಸೆ; ಒಮ್ಮೆ ಮಾಡಿದ್ದನ್ನು ಅದೇ ಪಂದ್ಯಾವಳಿಯಲ್ಲಿ ಮತ್ತೆ ಮಾಡುವಂತಿಲ್ಲ. ಯಾವ ಸುತ್ತಿಗೆ ಯಾವ ಕಟಾ ಎಂಬ ಪಟ್ಟಿ ಎಂದಿನಂತೆ ನನ್ನದೇ. ಅದರಲ್ಲಿ ಅನಾನ್ ಇದ್ದದ್ದು ಫೈನಲ್‌ಗೆ. ಬಾಯಿತಪ್ಪಿ ಕೂಗಿದಳು ಎಂದುಕೊಂಡೆ. ಕೂಗಿದ ಮೇಲೆ ಅದನ್ನೇ ಮಾಡಬೇಕು, ತಪ್ಪಿದರೆ ಆಟದಿಂದ ಹೊರಗೆ.

ಮಾಡಿದಳು. ಎದುರಿಗೆ ಯಾರೂ ಇಲ್ಲ, ಆದರೂ ಆ ಇಲ್ಲದವನಿಗೆ ಏಟು ಬಿದ್ದದ್ದು ನನ್ನ ಕಣ್ಣಿಗೆ ಕಂಡಿತು. ಬಾಯಿಮಾತಿನಿಂದಲೇ ಅಂಗಡಿ ಕಟ್ಟಿದವನು ನಾನು. ಪಕ್ಕದವರು "ಯಾರ ಮಗಳು?" ಎಂದಾಗ ಬೆರಳಿನಿಂದ ನನ್ನ ಎದೆ ತೋರಿಸಿದೆ, ಅಷ್ಟೇ.

ಗೆದ್ದಳು. ಫೈನಲ್ ತಲುಪಿದ ಇಬ್ಬರಿಗೂ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಜಾಗ. ಆದರೆ ಫೈನಲ್‌ಗೆ ಉಳಿದದ್ದು ಅರೆಬರೆ ಪಳಗಿದ ಕಟಾ. ತಿರುಗುವಾಗ ಹಿಮ್ಮಡಿ ಅಲುಗಿತು. ಬೆಳ್ಳಿ ಬಂತು.

ಬಸ್ಸಿನಲ್ಲಿ ಕೇಳಿದೆ, "ನಾಲಿಗೆ ಜಾರಿತೇನೇ?"

"ಇಲ್ಲಪ್ಪ. ಸೆಮಿಫೈನಲ್‌ನಲ್ಲಿ ಮೊದಲು ಮಾಡಿದ್ದು ಆ ಎದುರಾಳಿ ಹುಡುಗಿ ಅಲ್ವಾ, ನೋಡ್ದೆ. ಅನಾನ್ ಬಿಟ್ರೆ ಬೇರೆ ಯಾವುದ್ರಲ್ಲೂ ಅವಳನ್ನ ಗೆಲ್ಲೋಕಾಗ್ತಿರ್ಲಿಲ್ಲ."

"ಮತ್ತೆ ನನ್ನ ಪಟ್ಟಿ?"

"ನಿನ್ನ ಪಟ್ಟೀಲಿ ಅವಳಿರಲಿಲ್ಲ."

ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದಳು, ಪದಕವನ್ನು ನನ್ನ ತೊಡೆಯ ಮೇಲೆ ಬಿಟ್ಟು.

ಈಗ ಹಳೆಯ ಪಟ್ಟಿಗಳನ್ನು ತೆಗೆದು ನೋಡಿದೆ. ಹಿಂದಿನ ಮೂರು ವರ್ಷವೂ ಸೆಮಿಫೈನಲ್‌ನಲ್ಲೇ ಸೋತಿದ್ದಾಳೆ. ಮೂರರಲ್ಲೂ ಕೊನೆಯ ಸಾಲಿನಲ್ಲಿ, ನನ್ನ ದುಂಡು ಅಕ್ಷರದಲ್ಲಿ, ಅನಾನ್. ಫೈನಲ್ ಸಿಗದೆ ಅದನ್ನು ಒಮ್ಮೆಯೂ ಮಾಡಿಲ್ಲ. ನಾಳೆ ಬೆಳಗ್ಗೆ ಪೆನ್ನನ್ನು ಅವಳ ಕೈಗೇ ಕೊಟ್ಟು, ವಿಶ್ವ ಚಾಂಪಿಯನ್‌ಶಿಪ್‌ನ ಪಟ್ಟಿಯನ್ನು ನೀನೇ ಬರಿ ಎನ್ನಬೇಕು.