ಹನಿ ಔಷಧಿಯ ಕರಪತ್ರ ಬರೆಸಿದವರಿಗೆ

ಮಕ್ಕಳ ಆರೋಗ್ಯದ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ನಿಮ್ಮ ಕರಪತ್ರದಲ್ಲಿ ಒಂದು ಸಾಲು ಇಲ್ಲ. ಅದಿಲ್ಲದ್ದಕ್ಕೆ ನನ್ನ ಹತ್ತು ತಿಂಗಳ ಮೊಮ್ಮಗಳು ಆಸ್ಪತ್ರೆ ಸೇರಿದ್ದಾಳೆ. ಮೈಯಲ್ಲಿ ರಕ್ತವಿಲ್ಲ, ಅಳುವುದಕ್ಕೂ ತ್ರಾಣವಿಲ್ಲ.

ನಾನು ಮನೆಯಲ್ಲೇ ಬಟ್ಟೆ ಹೊಲಿಯುವವಳು. ಮಗಳು ಕೆಲಸಕ್ಕೆ ಹೋದರೆ ಮಗು ನನ್ನ ಹೊಲಿಗೆ ಯಂತ್ರದ ಪಕ್ಕದಲ್ಲೇ ಇರುತ್ತಿತ್ತು. ಬೇಯಿಸಿದ ಕಾಳು, ಸೊಪ್ಪು ಬಾಯಿಗಿಟ್ಟರೆ ಉಗುಳುತ್ತಿದ್ದಳು. ಹೋಗಲಿ ಎಂದು ದಿನಕ್ಕೆ ಐದು ಸಲ ಹಸುವಿನ ಹಾಲನ್ನೇ ಕುಡಿಸಿದೆ; ರಕ್ತಕ್ಕೆ ಬೇಕಾದ ಕಬ್ಬಿಣಾಂಶ ಅದರಲ್ಲಿ ಸಾಲದೆಂದು ತಿಳಿದಿರಲಿಲ್ಲ. ದುಂಡಗೆ, ಬೆಳ್ಳಗೆ ಇದ್ದಳು. ಬಟ್ಟೆ ಕೊಡಲು ಬಂದವರೆಲ್ಲ ಆ ಬಿಳುಪನ್ನೇ ಹೊಗಳಿದರು. ನಿಮ್ಮ ದಾದಿಯೂ ತಿಂಗಳು ತಿಂಗಳು ತೂಗಿ, “ತೂಕ ಚೆನ್ನಾಗಿದೆ ಅಜ್ಜಿ, ಏನೂ ಯೋಚ್ನೆ ಮಾಡ್ಬೇಡಿ” ಎಂದಳು. ತಕ್ಕಡಿಗೆ ರಕ್ತ ಕಾಣುವುದಿಲ್ಲ, ಒಪ್ಪಿದೆ. ನಿಮಗೂ ಕಾಣುವುದಿಲ್ಲವೇ? ಬಟ್ಟೆಗೆ ಗುರುತು ಹಾಕುವ ನನ್ನ ಸೀಮೆಸುಣ್ಣವನ್ನು ಮಗು ನೆಕ್ಕತೊಡಗಿದಾಗ ಮಗಳು, “ದೊಡ್ಡವಳಾದ್ಮೇಲೆ ಟೈಲರ್ರೇ ಆಗ್ತಾಳೆ ಬಿಡಮ್ಮ” ಎಂದು ನಕ್ಕಳು. ನಾನೂ ನಕ್ಕೆ. ರಕ್ತ ಕಡಿಮೆಯಾದ ಮಕ್ಕಳು ಮಣ್ಣು, ಸುಣ್ಣ ನೆಕ್ಕುತ್ತಾರೆಂದು ನಮಗೆ ಯಾರು ಹೇಳಿದ್ದರು?

ನಿನ್ನೆ ವೈದ್ಯರು ಕೇಳಿದರು: “ಮಗುಗೆ ಆರು ತಿಂಗಳು ತುಂಬಿದಾಗ ಕೊಟ್ಟ ಕಬ್ಬಿಣಾಂಶದ ಹನಿ ಹಾಕಿದ್ರಾ?”

“ದಿನಾ ತಪ್ಪದೆ ಹಾಕಿದಾರೆ ಡಾಕ್ಟ್ರೇ, ನಮ್ಮಮ್ಮ” ಎಂದಳು ಮಗಳು.

ಹಾಗಾದರೆ ಇದು ಬೇರೆ ಕಾಯಿಲೆ ಇರಬೇಕೆಂದು, ಆ ಎಳೆಯ ಮೂಳೆಗೆ ಸೂಜಿ ಚುಚ್ಚುವ ಪರೀಕ್ಷೆ ಬರೆದಿದ್ದಾರೆ.

ನಾನು ಹನಿ ಹಾಕಿದ್ದು ಮೂರೇ ದಿನ. ನಾಲ್ಕನೆಯ ದಿನ ಮಗುವಿನ ಮಲ ಇದ್ದಿಲಿನಂತೆ ಕಪ್ಪಾಗಿತ್ತು. ಔಷಧಿಗೆ ಕರುಳು ಸುಟ್ಟುಹೋಯಿತೆಂದುಕೊಂಡೆ. ಸೀಸೆಯನ್ನು ಬಚ್ಚಲಿಗೆ ಸುರಿದೆ. ಮಗಳಿಗೆ ಹೇಳಲಿಲ್ಲ. ಇಂದು ದಾದಿಯನ್ನು ಕೇಳಿದರೆ, “ಅಯ್ಯೋ ಅಜ್ಜಿ, ಆ ಔಷಧಿಗೆ ಹಾಗೇ ಆಗೋದು. ಯಾರೂ ಹೇಳ್ಲಿಲ್ವಾ?” ಎನ್ನುತ್ತಾಳೆ.

ಯಾರು ಹೇಳಬೇಕಿತ್ತು ಮಾನ್ಯರೇ? ನಿಮ್ಮ ಕರಪತ್ರವನ್ನು ನಾನು ಎರಡು ಸಲ ಓದಿದ್ದೆ. ಅದರಲ್ಲಿ ನಿಮ್ಮ ಶುಭಸಂದೇಶವಿತ್ತು, ಅರ್ಧ ಪುಟದಷ್ಟು ನಿಮ್ಮ ನಗುಮುಖವಿತ್ತು. ಮಲ ಕಪ್ಪಾದರೆ ಹೆದರಬೇಡಿ, ಔಷಧಿ ನಿಲ್ಲಿಸಬೇಡಿ ಎನ್ನುವುದಕ್ಕೆ ಮಾತ್ರ ಜಾಗ ಸಾಲದೆ ಹೋಯಿತು. ನೀವು ಕೊಂಚ ಕಡಿಮೆ ನಕ್ಕಿದ್ದರೆ ಆಗುತ್ತಿತ್ತು.

ಆ ಸಾಲನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿ. ಸೀಸೆ ಕೊಡುವ ಪ್ರತಿ ದಾದಿಯ ಬಾಯಲ್ಲಿ ಹೇಳಿಸಿ. ಮಕ್ಕಳನ್ನು ತೂಗುವಾಗ ಒಂದು ಹನಿ ರಕ್ತವನ್ನೂ ನೋಡಿಸಿ. ಕೈ ಮುಗಿದು ಕೇಳುತ್ತೇನೆ, ಇನ್ನೊಂದು ಮನೆಯಲ್ಲಿ ಹೀಗಾಗುವ ಮುಂಚೆ.

ಈ ಪತ್ರವನ್ನು ಪತ್ರಿಕೆಗೆ ಕೊಡುವ ಮೊದಲು ವೈದ್ಯರ ಬಳಿ ಹೋಗಿ, ಮಗಳ ಎದುರಿಗೇ ಎಲ್ಲ ಹೇಳುತ್ತೇನೆ. ಆಮೇಲೆ ಅವಳು ಮಗುವನ್ನು ನನ್ನ ಕೈಗೆ ಕೊಡುತ್ತಾಳೋ ಇಲ್ಲವೋ ಗೊತ್ತಿಲ್ಲ. ನನ್ನ ತಪ್ಪನ್ನು ನಾನು ಹೇಳಿದ್ದೇನೆ. ಇನ್ನು ನಿಮ್ಮ ಸರದಿ.

ಇಂತಿ,
ಇವತ್ತಿನವರೆಗೆ ಮಗಳ ನಂಬಿಕೆಗೆ ಪಾತ್ರಳಾಗಿದ್ದ
ಒಬ್ಬ ಅಜ್ಜಿ