ಮತ್ತೆ ಕೇಳದ ಪುಟ

14 ಮೇ 2008, ಬುಧವಾರ

ಬೆಳಿಗ್ಗೆಯಿಂದ ಎಸ್ಸೆಸ್ಸೆಲ್ಸಿ ರಿಸಲ್ಟ್ ನೋಡುವವರ ಸಾಲು. ಸೈಬರ್‌ನಲ್ಲಿ ನಾಲ್ಕು ಮಷೀನು, ಇಂಟರ್ನೆಟ್ ಲೈನ್ ಒಂದೇ. ತಡ ಮಾಡುತ್ತಿದ್ದದ್ದು ರಿಸಲ್ಟ್ ನೋಡಲು ನಾನು ಮಾಡಿದ ವೆಬ್ ಪುಟವೇ. ರಿಜಿಸ್ಟರ್ ನಂಬರಿನ ಒಂದೊಂದು ಅಂಕಿ ಒತ್ತಿದಾಗಲೂ ದೂರದಲ್ಲಿರುವ ಬೋರ್ಡಿನ ಸರ್ವರಿಗೆ ಹೋಗಿ ಕೇಳುತ್ತಿತ್ತು.

"ಲೇ ಗವಿ, ನಿನ್ನ ಪುಟ ಎತ್ತಿನ ಬಂಡಿ ಆಗೇತಲ್ಲೋ" — ಮಾಲೀಕ ಗುರುಬಸವರಾಜಣ್ಣ.

ಮಧ್ಯಾಹ್ನ ತಿದ್ದಿದೆ. ಪೂರ್ತಿ ನಂಬರ್ ಬಂದ ಮೇಲೆ ಒಂದೇ ಸಲ ಕೇಳುವುದು. ಬಂದ ಉತ್ತರವನ್ನು ನಮ್ಮ ಮಷೀನಿನಲ್ಲೇ ಇಟ್ಟುಕೊಳ್ಳುವುದು. ಅದೇ ನಂಬರ್ ಮತ್ತೆ ಬಂದರೆ ಸರ್ವರಿಗೆ ಹೋಗುವುದೇ ಬೇಡ. ಒಂದೇ ಸೆಕೆಂಡು! ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವನಿಗೆ ಇಷ್ಟು ಸಾಲದೇ...

ಕುರಿ ಕಾಯುವ ಗಾದೆಪ್ಪನ ಮಗಳು ಚಂದನಾ ಗಣಿತದಲ್ಲಿ ಫೇಲ್. ಅಳಲಿಲ್ಲ. "ನಾ ಫೇಲ್ ಆಗಂಗಿಲ್ರಿ. ಪೇಪರ್ ಮತ್ತೆ ನೋಡಸ್ತೀನಿ."

28 ಜೂನ್, ಶನಿವಾರ

ಮರುಮೌಲ್ಯಮಾಪನದ ರಿಸಲ್ಟ್. ಚಂದನಾ ಅಪ್ಪನನ್ನು ಕರೆದುಕೊಂಡು ಬಂದಿದ್ದಳು. ನಂಬರ್ ಒತ್ತಿದೆ. ತಕ್ಷಣ ಬಂತು — ಫೇಲ್.

"ಇನ್ನೊಂದ್ಸಲ ನೋಡ್ರಿ ಅಣ್ಣಾ."

ನೋಡಿದೆ. ಅದೇ.

"ಸಾಕ್ ಬಿಡವ್ವ" ಅಂದ ಗಾದೆಪ್ಪ. "ನಾಳಿಂದ ಕುರಿ ಜೋಡಿ ನಡಿ."

3 ಜುಲೈ, ಸಂಜೆ

ಒಬ್ಬ ಹುಡುಗ ಜಗಳಕ್ಕೆ ಬಂದ. ಶಾಲೆಯಲ್ಲಿ ಪಾಸ್ ಅಂದರಂತೆ, ನಾನು ಫೇಲ್ ಅಂದಿದ್ದೆ. ಆಗ ಹೊಳೆಯಿತು. ನನ್ನ ಪುಟ ಮೇ ತಿಂಗಳ ಉತ್ತರವನ್ನೇ ಎತ್ತಿ ಕೊಡುತ್ತಿದೆ. ಇಟ್ಟುಕೊಂಡದ್ದನ್ನೆಲ್ಲ ಅಳಿಸಿ ಮತ್ತೆ ಕೇಳಿದೆ.

ಚಂದನಾ — ಪಾಸ್.

ಕಾಲೇಜು ಸೇರಲು ನಾಳೆ ನಾಲ್ಕು ಗಂಟೆಗೆ ಕೊನೆ. ಗಾದೆಪ್ಪನ ಹತ್ತಿರ ಫೋನಿಲ್ಲ.

"ಸರ್ವರ್ ತಪ್ಪು ಅಂದ್ಬಿಡಲೇ. ಅಂಗಡಿ ಹೆಸರು ಹೋಗ್ತೈತಿ" ಅಂದ ಗುರುಬಸವರಾಜಣ್ಣ.

"ಸರ್ವರನ್ನ ನಾ ಕೇಳೇ ಇಲ್ಲಲ್ಲಣ್ಣ."

ಅಂಗಡಿಯ ಕೀಲಿ ಟೇಬಲ್ಲಿನ ಮೇಲಿಟ್ಟೆ.

4 ಜುಲೈ, ಮಧ್ಯಾಹ್ನ 3.35. ಕಾಲೇಜಿನ ಮೆಟ್ಟಿಲು

ಬೆಳಗಿನಿಂದ ಗಾದೆಪ್ಪನನ್ನು ಹುಡುಕುತ್ತಾ ಹೊಲ ಹೊಲ ತಿರುಗಿದೆ. ಗೊಬ್ಬರಕ್ಕೆಂದು ಇವತ್ತು ಒಬ್ಬರ ಹೊಲದಲ್ಲಿ ಕುರಿ ತರುಬಿ ನಿಲ್ಲಿಸುತ್ತಾರೆ, ನಾಳೆ ಇನ್ನೊಬ್ಬರದರಲ್ಲಿ. ನೀಲಗುಂದ ಊರು ದಾಟಿದ ಮೇಲೆ ಒಂದು ಗಂಟೆಗೆ ಅಪ್ಪ ಮಗಳು ಸಿಕ್ಕರು.

"ಮೊನ್ನೆ ನಿನ್ನ ಪೆಟಿಗಿ ಸುಳ್ಳ ಹೇಳ್ತು. ಇವತ್ತು ಖರೇ ಹೇಳ್ತೈತಿ ಅಂತ ಹೆಂಗ ನಂಬ್ಲಿ?" ಅಂದ ಗಾದೆಪ್ಪ.

"ಪೆಟಿಗಿ ಅಲ್ರಿ, ತಪ್ಪು ನಂದು. ಸಿಟ್ಟಿದ್ರ ಎರಡೇಟು ಹೊಡೀರಿ. ಆದ್ರ ಈಗ ಕಳಿಸ್ರಿ."

ಹೊಡೆಯಲಿಲ್ಲ. ಮಗಳ ಕೈಯಲ್ಲಿದ್ದ ಕೋಲು ತೆಗೆದುಕೊಂಡ. ಬಸ್ಸಿನಲ್ಲಿ ಚಂದನಾ ನಾನು ತಂದಿದ್ದ ರಿಸಲ್ಟ್ ಪ್ರಿಂಟಿನಲ್ಲಿ ತನ್ನ ನಂಬರನ್ನು ಮತ್ತೆ ಮತ್ತೆ ಓದಿದಳು.

ಗುಮಾಸ್ತರು ನನ್ನ ಪ್ರಿಂಟ್ ಮುಟ್ಟಲಿಲ್ಲ. "ನಿಮ್ಮ ಅಂಗಡಿ ಹಾಳಿ ಬ್ಯಾಡಪ. ನಾನೇ ನೋಡ್ತೀನಿ."

ಈಗ ಅವರ ಪರದೆ ಬಿಳಿಯಾಗಿ ನಿಂತಿದೆ. ಹತ್ತು ಸೆಕೆಂಡು. ಇಪ್ಪತ್ತು. ಚಂದನಾ ಕಿಟಕಿಯ ಸರಳು ಹಿಡಿದು ನಿಂತಿದ್ದಾಳೆ. ನಿಧಾನವಾಗಲಿ. ಅದು ನಿಜವಾಗಿ ಹೋಗಿ ಕೇಳುತ್ತಿದೆ. ನಲವತ್ತು... ಗುಮಾಸ್ತರು ಕನ್ನಡಕ ಸರಿಮಾಡಿಕೊಂಡರು, ಅವಳ ಹೆಸರು ಕರೆದು ಅರ್ಜಿ ಮುಂದಿಟ್ಟರು.