ಒಂದೇ ಗೆರೆಯ ಚುಕ್ಕೆ

ಮಾರ್ಚ್ 3, ಸೋಮವಾರ

ಪೊಲೀಸ್ ಠಾಣೆಯಲ್ಲಿ ಇವತ್ತೂ ಫೋನ್ ನಂಬರ್ ಟೈಪ್ ಮಾಡುವುದೇ. ಕಳ್ಳ ಬಂದೂಕು ಸಾಗಿಸುವವರ ಗುಂಪಂತೆ. ನಂಬರಿಗೊಂದು ಚುಕ್ಕೆ. ಇಬ್ಬರು ಮಾತಾಡಿದ್ದರೆ ನಡುವೆ ಗೆರೆ. ಸ್ಕ್ರೀನ್ ತುಂಬ ಜೇಡರ ಬಲೆ. ಯಾರನ್ನು ಹಿಡಿದರೆ ಬಲೆ ಹರಿಯುತ್ತದೆ ಎಂದು ಸಾಹೇಬರು ನೋಡುತ್ತಾರೆ. ಒಂದೇ ಗೆರೆಯ ಚುಕ್ಕೆಗಳನ್ನು ಶನಿವಾರ ಅಳಿಸುತ್ತೇವೆ. “ರಾಂಗ್ ನಂಬರ್ ಇರತ್ತೆ, ಬಿಡಿ” ಅನ್ನುತ್ತಾರೆ. ಎರಡಿದ್ದರೆ ಮನೆ ಬಾಗಿಲಿಗೆ ಜೀಪು.

ಪಕ್ಕದ ಟೇಬಲ್ಲಿನವಳು ಛೇಡಿಸಿದಳು: “ನಿಮ್ಮ ನಂಬರ್ ಹಾಕಿದ್ರೆ ಗೆರೆನೇ ಬರಲ್ಲ ಕಣಕ್ಕಾ, ಬರೀ ಚುಕ್ಕೆ!” ನಾನೂ ನಕ್ಕೆ. ಮಧ್ಯಾಹ್ನ ಊಟ ಸೇರಲಿಲ್ಲ.

ಮಾರ್ಚ್ 5

ತಮ್ಮನ ನಂಬರ್ ಬಂತು. ಮತ್ತೆ ಮತ್ತೆ ನೋಡಿದೆ. ಅವನದ್ದೇ. ಜಗಳವಾಡಿ ಮನೆ ಬಿಟ್ಟ ಮೇಲೆ ಅವನೂ ಫೋನ್ ಮಾಡಿಲ್ಲ, ನಾನೂ ಮಾಡಿಲ್ಲ. ಗುಂಪಿನ ಲಾರಿ ಡ್ರೈವರ್ ಜೊತೆ ಒಂದು ಗೆರೆ. ಅಷ್ಟೇ... ತಿಂಗಳಿಡೀ ಬೇರೆ ಯಾರ ಹತ್ತಿರವೂ ಮಾತಾಡಿಲ್ಲವೇ ಇವನು? ಜ್ವರಗಿರ ಬಂದರೆ ಯಾರಿಗೆ ಹೇಳುತ್ತಾನೆ?

ಸಾಹೇಬರಿಗೆ ಹೇಳಬೇಕಿತ್ತು. ಹೇಳದೆ ಮುಂದಿನ ನಂಬರ್ ಟೈಪ್ ಮಾಡಿದೆ. ನಾನು ಸ್ಕೂಲು ಅರ್ಧಕ್ಕೆ ಬಿಟ್ಟು ಸಾಕಿದ್ದು ಇವನನ್ನೇ.

ಮಾರ್ಚ್ 6, ಮಧ್ಯಾಹ್ನ

ಎಚ್ಚರಿಸೋಣವೆಂದು ಫೋನ್ ತೆಗೆದೆ. ಆಗ ಹೊಳೆಯಿತು— ನಾನು ಮಾತಾಡಿದರೆ ಅದೇ ಎರಡನೇ ಗೆರೆ! ನಾಳೆ ಶುಕ್ರವಾರದವರೆಗಿನ ಕರೆಗಳೆಲ್ಲ ಬಲೆಯಲ್ಲಿ ಸೇರುತ್ತವೆ. ಫೋನ್ ಕೆಳಗಿಟ್ಟು ಸಾಹೇಬರ ಹತ್ತಿರ ಹೋದೆ.

“ಸಾರ್, ಎತ್ತದೇ ಇರೋ ಫೋನಿಗೂ ಗೆರೆ ಬೀಳುತ್ತಾ?”

“ಇಲ್ಲಮ್ಮ, ಮಾತಾಡಿದ್ರೆ ಮಾತ್ರ. ಯಾಕೆ, ಯಾರಾದ್ರೂ ಫೋನ್ ಮಾಡಿ ಕಾಡ್ತಿದಾರಾ?”

“ನನಗ್ಯಾರು ಮಾಡ್ತಾರೆ ಸಾರ್.”

ಅದಂತೂ ಸುಳ್ಳಲ್ಲ.

ಮಾರ್ಚ್ 7, ಶುಕ್ರವಾರ, ಸಂಜೆ 6

ಇವತ್ತೊಂದು ದಿನ ಕಳೆದರೆ ಸಾಕು. ನಾಳೆ ಅವನ ಚುಕ್ಕೆಯನ್ನು ನಾನೇ ಅಳಿಸಿ, ಬೂತಿನಿಂದಲೋ ಎಲ್ಲಿಂದಲೋ ಫೋನ್ ಮಾಡಿ ಚೆನ್ನಾಗಿ ಬೈಯಬೇಕು. ಆಮೇಲೆ ಮನೆಗೆ ಬಾ ಅನ್ನಬೇಕು.

6.20

ಫೋನ್ ಹೊಡೆದುಕೊಳ್ಳುತ್ತಿದೆ. ತಮ್ಮ! ಇಷ್ಟು ದಿನ ಇಲ್ಲದವನು ಇವತ್ತೇ ಯಾಕಪ್ಪಾ... ದಿಂಬಿನಡಿ ತಳ್ಳಿದೆ. ನಿಂತಿತು. ನಿಂತ ಮೇಲೇ ಹೆಚ್ಚು ಭಯ. ಏಟು ಬಿದ್ದಿದೆಯೋ, ಹೊಟ್ಟೆಗಿಲ್ಲವೋ...

ಮೆಸೇಜ್ ಬಂತು. “ಅಕ್ಕಾ ಒಂದ್ಸಲ ಎತ್ತೇ. ಲಾರಿಯವರ ಜೊತೆ ಹೋಗಲ್ಲ ಅಂದೆ. ಹೊರಗೆ ನಿಂತಿದಾರೆ.”

ಮೆಸೇಜಿಗೆ ಗೆರೆ ಬೀಳುತ್ತದೆಯೇ? ಅದನ್ನು ಕೇಳಲೇ ಇಲ್ಲವಲ್ಲ, ದರಿದ್ರ ತಲೆ!

ಮತ್ತೆ ಹೊಡೆಯುತ್ತಿದೆ. ನಾಳೆ ಕಣೋ. ಒಂದೇ ಒಂದು ರಾತ್ರಿ ತಡ್ಕೊಳೋ ಪುಟ್ಟಾ. ಎತ್ತಿದರೆ ಜೀಪು... ಎತ್ತದಿದ್ದರೆ ಅವರು...

ಬೀಳಲಿ ಗೆರೆ. ಎತ್ತುತ್ತೇನೆ. ಹಲೋ ಅಂದು—